ಹುಳುಗಳ ರೋಗದ ಬೆನ್ನು ಹತ್ತಿದ ಲೂಯಿ ಪಾಶ್ಚರ್: ಬೆಳೆಗೆ ವೈರಸ್ ಸಿಂಪಡಿಸಿದರೆ ನಮಗೆ ಅಪಾಯವೇ?

ಬೆಳೆಗೆ ವೈರಸ್ ಹೊಡೆಯುತ್ತಾರೆ ಎಂದರೆ ಕೊರೊನಾ ಕಂಡ ನಮಗೆ ಎದೆ ಝಲ್ ಎನ್ನುತ್ತದೆ. ಆದರೆ ಕಡಲೆ, ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಎನ್‌ಪಿವಿ ದ್ರಾವಣವೂ ವೈರಸ್ಸೇ. ಹಿರಿಯೂರು, ಹೊಸದುರ್ಗದ ಕಡೆಯ ರೈತರು ಇದಕ್ಕೆ ಹೆದರಬೇಕೆ? ಉತ್ತರಕ್ಕೆ ಮುಂಚೆ ಒಬ್ಬರ ಬದುಕನ್ನು ನೋಡೋಣ.

ಲೂಯಿ ಪಾಶ್ಚರ್ 1822ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವ ಕಸುಬಿನವರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟವರೆಂದು ಇವರು ನಮಗೆಲ್ಲ ಗೊತ್ತು. ಆದರೆ ಅದಕ್ಕೂ 20 ವರ್ಷ ಮೊದಲು ಇವರು ರೇಷ್ಮೆ ಹುಳುಗಳ ವೈದ್ಯರಾಗಿದ್ದರು.

1865ರಲ್ಲಿ ಫ್ರಾನ್ಸ್‌ನ ರೇಷ್ಮೆ ಬೆಳೆಗಾರರು ಗಂಟುರೋಗದಿಂದ ಬೀದಿಗೆ ಬಿದ್ದಿದ್ದರು. ಗುರು ಡ್ಯೂಮಾ ಅವರ ಮಾತಿಗೆ ಕಟ್ಟುಬಿದ್ದು, ಹುಳು ಸಾಕಿ ಗೊತ್ತಿಲ್ಲದ ಪಾಶ್ಚರ್ ಅಲೆಸ್ ಪಟ್ಟಣಕ್ಕೆ ಹೋದರು. ಆ ವರ್ಷವೇ ತಂದೆಯೂ ಪುಟ್ಟ ಮಗಳೂ ತೀರಿಕೊಂಡರು. ಮರುವರ್ಷ ಇನ್ನೊಬ್ಬ ಮಗಳು ಹೋದಳು. 1868ರಲ್ಲಿ ಎಡಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ಬಿಡಲಿಲ್ಲ.

ಹುಳುವಿನ ಮೈಯಲ್ಲಿ ಕಾಣುವ ಕಣಗಳೇ ರೋಗಕ್ಕೆ ಕಾರಣ ಎಂಬುದನ್ನು ಅವರು ಮೊದಲು ಒಪ್ಪಿರಲಿಲ್ಲ. ಪ್ರಯೋಗ ಬೇರೆ ಹೇಳಿದಾಗ ತಿದ್ದಿಕೊಂಡರು. ಗಂಟುರೋಗ, ಸಪ್ಪೆರೋಗ ಎರಡೂ ಬೇರೆ ಬೇರೆ ಎಂದು ತೋರಿಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಮಾಡುವ ಕ್ರಮ ತಂದರು. ನಮ್ಮ ರೇಷ್ಮೆ ಬಿತ್ತನೆ ಕೋಠಿಗಳು ಇಂದಿಗೂ ಇದನ್ನೇ ನಂಬಿವೆ. 1895ರಲ್ಲಿ ಪಾಶ್ಚರ್ ತೀರಿಕೊಂಡರು.

ಅವರ ಕಾಲಕ್ಕೆ ವೈರಸ್ ಎಂದರೇನೆಂದು ಯಾರಿಗೂ ತಿಳಿದಿರಲಿಲ್ಲ. ರೇಷ್ಮೆಯ ಹಾಲುತೊಂಡೆ ರೋಗ ತರುವುದು ಎನ್‌ಪಿವಿ ಜಾತಿಯ ವೈರಸ್ ಎಂದು ಗೊತ್ತಾಗಿದ್ದು ಆಮೇಲೆ. ಸಾಕುಹುಳುವನ್ನು ಉಳಿಸಲು ಕಲಿತ ವಿದ್ಯೆ ಪೀಡೆಹುಳುವನ್ನು ಕೊಲ್ಲಲೂ ಬಂತು. ಕೇರಳದ ನಿಲಂಬೂರಿನಲ್ಲಿ ತೇಗದ ಎಲೆ ತಿಂದು ಮರ ಬೋಳಿಸುವ ಪತಂಗದ ಹುಳುವಿಗೆ ಅದರದೇ ಎನ್‌ಪಿವಿಯನ್ನು ಅರಣ್ಯ ಸಂಶೋಧಕರು ಸಿಂಪಡಿಸಿ ನೋಡಿದ್ದಾರೆ.

ಇದು ಕೆಲಸ ಮಾಡುವುದು ಹೇಗೆ? ವೈರಸ್ ಒಂದು ಪ್ರೋಟೀನ್ ಚಿಪ್ಪಿನೊಳಗಿರುತ್ತದೆ. ಹುಳುವಿನ ಕರುಳು ಕ್ಷಾರೀಯವಾದ್ದರಿಂದ ಅಲ್ಲಿ ಚಿಪ್ಪು ಕರಗುತ್ತದೆ. ಹುಳು ಗಿಡದ ತುದಿಗೇರಿ ತಲೆಕೆಳಗಾಗಿ ನೇತಾಡಿ, ಕೊಳೆತು ಸುರಿಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ. ಮೇಲಾಗಿ ಈ ವೈರಸ್ ನಮ್ಮ ಜೀವಕೋಶಗಳಲ್ಲಿ ಬೆಳೆಯುವುದಿಲ್ಲ. ಕಾಯಿಕೊರಕದ ಎನ್‌ಪಿವಿ ಜೇನಿಗೂ ರೋಗ ತರದು.

ಬಿಸಿಲು ಇದನ್ನು ಕೆಡಿಸುತ್ತದೆ. ಹಾಗಾಗಿ ಸಂಜೆ ಹೊತ್ತು, ಹುಳು ಚಿಕ್ಕದಿರುವಾಗಲೇ ಸಿಂಪಡಿಸಬೇಕು.

ಹೆಸರು ಕೇಳಿ ಹೆದರಬೇಡಿ. ಯಾವ ವೈರಸ್, ಯಾರಿಗೆ ರೋಗ ತರುತ್ತದೆ ಎಂದು ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ.