ಹಿಮಬೆಟ್ಟಗಳನ್ನೇರಿದ ಗಣಿ ವಿದ್ಯಾರ್ಥಿ: ಸಂತ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ

ನಮ್ಮ ಕರಾವಳಿಯ ಧರ್ಮಕೇಂದ್ರಗಳ ಯುವಜನರು ಪ್ರವಾಸ ಹೋಗುವ ಸ್ಥಳಗಳಲ್ಲಿ ಹಂಪಿಯೂ ಒಂದು. ರಾತ್ರಿ ಹೊಸಪೇಟೆಯಲ್ಲಿ ಉಳಿದು, ನಸುಕಿನಲ್ಲೇ ಎದ್ದು ಮಾತಂಗ ಬೆಟ್ಟ ಹತ್ತಿ ಸೂರ್ಯೋದಯ ನೋಡುತ್ತಾರೆ. ಸಮಯವಿದ್ದರೆ ತುಂಗಭದ್ರಾ ಅಣೆಕಟ್ಟು, ಸಂಡೂರಿನ ಹಸಿರು ಬೆಟ್ಟಗಳು, ಕಂಪ್ಲಿ ಕಡೆಯ ಗದ್ದೆಗಳನ್ನೂ ಕಂಡು ಬರುತ್ತಾರೆ. ಬೆಟ್ಟ ಹತ್ತುವ ಹುರುಪಿನ ಈ ಯುವಜನರಿಗೆ ಹೇಳಿ ಮಾಡಿಸಿದಂಥ ಸಂತರೊಬ್ಬರಿದ್ದಾರೆ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವರು ಸಂತ ಪದವಿಗೇರಿಸಿದ ಇಟಲಿಯ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ. ಅವರಿಗೆ ಪ್ರಿಯವಾಗಿದ್ದದ್ದು ಹಿಮ ಹೊದ್ದ ಆಲ್ಪ್ಸ್ ಪರ್ವತಗಳು. ಅವರು ಓದಿದ್ದು ಗಣಿ ಎಂಜಿನಿಯರಿಂಗ್. ಹಂಪಿಯ ಬಂಡೆಗಳನ್ನು ಹತ್ತಿ ಸಂಡೂರಿನ ಗಣಿ ದಾರಿಯಲ್ಲಿ ಸಾಗುವವರಿಗೆ ಅವರ ಜೀವನ ತೀರಾ ಹತ್ತಿರದ್ದೆನಿಸದಿರದು.

ಪಿಯೆರ್ ಜಾರ್ಜಿಯೊ 1901ರ ಏಪ್ರಿಲ್ 6ರಂದು, ಪಾಸ್ಖ ಹಬ್ಬದ ಹಿಂದಿನ ಪವಿತ್ರ ಶನಿವಾರ, ಟ್ಯೂರಿನ್ ನಗರದಲ್ಲಿ ಜನಿಸಿದರು. ತಂದೆ ಆಲ್ಫ್ರೆದೊ ಫ್ರಸ್ಸಾತಿ 'ಲಾ ಸ್ತಾಂಪಾ' ಪತ್ರಿಕೆಯ ಒಡೆಯರು, ಮುಂದೆ ಸೆನೆಟರ್ ಆಗಿ, ಜರ್ಮನಿಗೆ ಇಟಲಿಯ ರಾಯಭಾರಿಯಾಗಿ ದುಡಿದವರು. ಅವರಿಗೆ ದೇವರಲ್ಲಿ ವಿಶ್ವಾಸವಿರಲಿಲ್ಲ. ತಾಯಿ ಅದೆಲೈದೆ ಚಿತ್ರಕಲಾವಿದೆ. ಒಬ್ಬಳೇ ತಂಗಿ ಲೂಚಿಯಾನಾ. ಮನೆಯಲ್ಲಿ ಸಿರಿತನಕ್ಕೆ ಕೊರತೆಯಿರಲಿಲ್ಲ, ಆದರೆ ಭಕ್ತಿಯ ವಾತಾವರಣ ಅಷ್ಟಾಗಿ ಇರಲಿಲ್ಲ. ಅಂಥ ಮನೆಯಲ್ಲಿ ಈ ಮಗ ದೇವಭಕ್ತನಾಗಿ ಬೆಳೆದದ್ದೇ ಒಂದು ವಿಶೇಷ.

ಓದಿನಲ್ಲಿ ಅವರು ಮೊದಲಿಗರಾಗಿರಲಿಲ್ಲ. ಲ್ಯಾಟಿನ್ ವಿಷಯದಲ್ಲಿ ಫೇಲಾದದ್ದರಿಂದ ಯೇಸುಸಭೆಯವರ ಶಾಲೆಗೆ ಸೇರಬೇಕಾಯಿತು. ಆ ಸೋಲೇ ವರವಾಯಿತು. ಅಲ್ಲಿ ಅವರಿಗೆ ಪ್ರತಿದಿನ ಪರಮಪ್ರಸಾದ ಸ್ವೀಕರಿಸುವ ಅಭ್ಯಾಸವಾಯಿತು. ಅದು ಕೊನೆಯವರೆಗೂ ತಪ್ಪಲಿಲ್ಲ. ಹದಿನೇಳರ ಪ್ರಾಯದಲ್ಲಿ, 1918ರಲ್ಲಿ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ಸೇರಿದರು. 1922ರಲ್ಲಿ ದೊಮಿನಿಕನ್ ಸಭೆಯ ಮೂರನೇ ವರ್ಗದ ಸದಸ್ಯರಾದರು. ಗುರುವಾಗುವ ಯೋಚನೆಯೂ ಬಂದಿತ್ತು. ಆದರೆ ಲೌಕಿಕನಾಗಿ ಉಳಿದರೆ ಬಡವರಿಗೆ ಇನ್ನಷ್ಟು ಹತ್ತಿರವಿರಬಹುದೆಂದು ತೀರ್ಮಾನಿಸಿದರು.

ಈ ತೀರ್ಮಾನವೇ ಅವರನ್ನು ಗಣಿ ವಿದ್ಯೆಗೆ ಒಯ್ದಿತು. 1918ರ ಕೊನೆಯಲ್ಲಿ ಟ್ಯೂರಿನ್‌ನ ಪಾಲಿಟೆಕ್ನಿಕ್‌ಗೆ ಸೇರಿದಾಗ ಅವರು ಗಣಿ ವಿಭಾಗವನ್ನೇ ಆರಿಸಿಕೊಂಡರು. ಆ ಕಾಲದಲ್ಲಿ ಗಣಿ ಕಾರ್ಮಿಕರ ಬದುಕು ಬಹಳ ಕಷ್ಟದ್ದು. ಬೆಳಕಿಲ್ಲದ ಸುರಂಗ, ಎದೆಗಿಳಿಯುವ ಧೂಳು, ಯಾವಾಗ ಬೇಕಾದರೂ ಕುಸಿಯಬಹುದಾದ ಮಣ್ಣು. ಆ ಜನರ ನಡುವೆ ಇದ್ದು ಅವರ ಸೇವೆ ಮಾಡಬೇಕು, ಕ್ರಿಸ್ತರನ್ನು ಅಲ್ಲಿ ಸಾರಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಅವರು ಈ ಪಾಠಗಳನ್ನು ಓದುತ್ತಿದ್ದ ವರ್ಷಗಳಲ್ಲಿ ನಮ್ಮ ಸಂಡೂರಿನ ಬೆಟ್ಟಗಳಲ್ಲೂ ಮ್ಯಾಂಗನೀಸ್ ಅದಿರು ತೆಗೆಯುವ ಕೆಲಸ ಆಗಲೇ ಶುರುವಾಗಿತ್ತು. ಅವರಿಗೆ ಸಂಡೂರಿನ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಅಲ್ಲಿ ಗುದ್ದಲಿ ಹಿಡಿದು ದುಡಿಯುತ್ತಿದ್ದಂಥ ಜನರೇ ಅವರ ಮನಸ್ಸಿನಲ್ಲಿದ್ದವರು.

ವಾರದ ದಿನಗಳಲ್ಲಿ ಓದು ಮತ್ತು ಬಡವರ ಭೇಟಿ, ರಜೆ ಸಿಕ್ಕಾಗ ಪರ್ವತ. ಅವರು ಇಟಲಿಯ ಆಲ್ಪೈನ್ ಕ್ಲಬ್ಬಿನ ಸದಸ್ಯರಾಗಿದ್ದರು. 3,841 ಮೀಟರ್ ಎತ್ತರದ ಮೊನ್‌ವಿಸೊ, 3,969 ಮೀಟರ್ ಎತ್ತರದ ಗ್ರಿವೊಲಾ ಅವರು ಏರಿದ ಶಿಖರಗಳಲ್ಲಿ ಸೇರಿವೆ. ನಮ್ಮಲ್ಲಿ ಬೇಸಿಗೆ ಕಳೆದು ಮಳೆ ಶುರುವಾಗುವ ಜೂನ್ ತಿಂಗಳಲ್ಲಿ ಆಲ್ಪ್ಸ್‌ನಲ್ಲಿ ಬೇಸಿಗೆ ಆರಂಭವಾಗುತ್ತದೆ. ಕಣಿವೆಯಲ್ಲಿ ಹೂವು ಅರಳಿದ್ದರೂ ಮೇಲೆ ಹಿಮ ಇನ್ನೂ ಕರಗಿರುವುದಿಲ್ಲ. ಬೆನ್ನಿಗೆ ಚೀಲ, ಕಾಲಿಗೆ ಮೊಳೆ ಹೊಡೆದ ಬೂಟು, ಕೈಯಲ್ಲಿ ಹಿಮಗೊಡಲಿ, ಒಬ್ಬರನ್ನೊಬ್ಬರು ಬಿಗಿದುಕೊಳ್ಳಲು ಹಗ್ಗ ಬೇಕು. ಬೆಳಗಿನ ಚಳಿಯಲ್ಲಿ ಹಿಮ ಗಟ್ಟಿಯಾಗಿರುತ್ತದೆ. ಬಿಸಿಲೇರಿದಂತೆ ಮೆತ್ತಗಾಗಿ ಕಾಲು ಹುಗಿಯುತ್ತದೆ, ಕೆಲವೊಮ್ಮೆ ಮೇಲಿನ ಹಿಮವೇ ಜಾರಿ ಬೀಳುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಹೊರಡಬೇಕು. ಹಂಪಿಯಲ್ಲೂ ಬೇಸಿಗೆಯಲ್ಲಿ ಬೆಟ್ಟ ಹತ್ತುವವರು ನಸುಕಿನಲ್ಲೇ ಹೊರಡುತ್ತಾರಲ್ಲವೇ? ಅಲ್ಲಿ ಹಿಮ ಮೆತ್ತಗಾಗುವ ಮೊದಲು, ಇಲ್ಲಿ ಬಂಡೆ ಕಾಯುವ ಮೊದಲು.

ಈ ಪ್ರವಾಸಗಳಲ್ಲಿ ಪಿಯೆರ್ ಜಾರ್ಜಿಯೊ ಒಂದು ಶಿಸ್ತನ್ನು ಪಾಲಿಸುತ್ತಿದ್ದರು. ಭಾನುವಾರದ ಬಲಿಪೂಜೆಯನ್ನು ಬೆಟ್ಟಕ್ಕಾಗಿ ತಪ್ಪಿಸುವಂತಿರಲಿಲ್ಲ. ದಾರಿಯಲ್ಲಿ ಗೆಳೆಯರೊಂದಿಗೆ ಜಪಸರ ಪ್ರಾರ್ಥನೆ ಮಾಡುತ್ತಿದ್ದರು. ಹಾಗೆಂದು ಅವರು ಗಂಟುಮುಖದ ಭಕ್ತರಲ್ಲ. ದೊಡ್ಡ ದನಿಯಲ್ಲಿ ಹಾಡುವುದು, ಗೆಳೆಯರನ್ನು ಗೋಳು ಹುಯ್ದುಕೊಳ್ಳುವುದು ಅವರಿಗೆ ಬಲು ಇಷ್ಟ. 1924ರ ಮೇ ತಿಂಗಳಲ್ಲಿ ಬೆಟ್ಟದ ಗೆಳೆಯ ಗೆಳತಿಯರ ಒಂದು ಕೂಟ ಕಟ್ಟಿ, ಅದಕ್ಕೆ ಪುಂಡರ ಸಂಘ ಎಂಬ ಅರ್ಥದ ತಮಾಷೆಯ ಹೆಸರಿಟ್ಟರು. ಹೆಸರು ತಮಾಷೆಯದ್ದಾದರೂ ಆ ಗೆಳೆತನಕ್ಕೆ ಪ್ರಾರ್ಥನೆಯೇ ಬುನಾದಿ. ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಒಬ್ಬ ಜಾರಿದರೆ ಉಳಿದವರು ಹಿಡಿದು ನಿಲ್ಲಬೇಕು. ವಿಶ್ವಾಸದ ಬದುಕೂ ಹಾಗೆಯೇ ಎಂಬುದನ್ನು ಅವರು ಪರ್ವತದಲ್ಲಿ ಕಲಿತರು.

ನಗರದಲ್ಲಿ ಅವರ ಏರಿಕೆ ಬೇರೆ ಬಗೆಯದು. ಟ್ಯೂರಿನ್‌ನ ಬಡವರು ಹಳೆಯ ಕಟ್ಟಡಗಳ ಮೇಲಂತಸ್ತಿನ ಕತ್ತಲೆ ಕೋಣೆಗಳಲ್ಲಿ ವಾಸಿಸುತ್ತಿದ್ದರು. ಪಿಯೆರ್ ಜಾರ್ಜಿಯೊ ಆ ಮೆಟ್ಟಿಲುಗಳನ್ನು ಹತ್ತಿ ಔಷಧ, ಸೌದೆ, ಬಟ್ಟೆ ಮುಟ್ಟಿಸುತ್ತಿದ್ದರು. ಕಿಸೆಯಲ್ಲಿದ್ದದ್ದನ್ನು ಕೊಟ್ಟು, ಬಂಡಿಗೆ ಹಣವಿಲ್ಲದೆ ನಡೆದೇ ಮನೆಗೆ ಓಡಿ ಬರುತ್ತಿದ್ದರು. ಊಟಕ್ಕೆ ತಡವಾಯಿತೆಂದು ಮನೆಯಲ್ಲಿ ಬೈಸಿಕೊಂಡರೂ ಕಾರಣ ಹೇಳುತ್ತಿರಲಿಲ್ಲ. ಬಡವರಿಗೆ ಅವರು ಯಾರ ಮಗನೆಂದು ಗೊತ್ತಿರಲಿಲ್ಲ. ಮನೆಯವರಿಗೆ ಅವರು ಎಲ್ಲಿಗೆ ಹೋಗುತ್ತಾರೆಂದು ತಿಳಿದಿರಲಿಲ್ಲ.

1925ರ ಬೇಸಿಗೆಯ ಆರಂಭದಲ್ಲಿ ಅವರ ಪದವಿಗೆ ಎರಡೇ ಪರೀಕ್ಷೆಗಳು ಬಾಕಿಯಿದ್ದವು. ಅಷ್ಟರಲ್ಲಿ ಮಗ ತಮ್ಮ ಪತ್ರಿಕೆಯಲ್ಲೇ ಕೆಲಸಕ್ಕೆ ಸೇರಬೇಕೆಂಬುದು ತಂದೆಯ ಅಪೇಕ್ಷೆ ಎಂದು ತಿಳಿಯಿತು. ಇಷ್ಟು ವರ್ಷ ಕಂಡ ಗಣಿಯ ಕನಸನ್ನು ಅವರು ತಂದೆಯ ಮನಸ್ಸು ನೋಯಬಾರದೆಂದು ಬಿಟ್ಟುಕೊಟ್ಟರು. ಅದಕ್ಕೂ ಮೊದಲು ಲಾವ್ರಾ ಎಂಬ ಯುವತಿಯ ಮೇಲಿನ ಪ್ರೀತಿಯನ್ನೂ ಮನೆಯ ನೆಮ್ಮದಿಗಾಗಿ ಮೌನವಾಗಿ ತ್ಯಾಗ ಮಾಡಿದ್ದರು. ಶಿಖರ ಹತ್ತುವುದಕ್ಕಿಂತ ಇಂಥ ಇಳಿಯುವಿಕೆಗೆ ಹೆಚ್ಚಿನ ಧೈರ್ಯ ಬೇಕು.

ಜೂನ್ 7ರ ಭಾನುವಾರ ಅವರು ಗೆಳೆಯರೊಂದಿಗೆ ಲಾಂಜೊ ಕಣಿವೆಯ ಲುನೆಲ್ಲೆ ಬಂಡೆಗಳನ್ನು ಹತ್ತಿದರು. ಕಲ್ಲಿನ ಗೋಡೆಗೆ ಅಂಟಿಕೊಂಡು ಮೇಲೆ ನೋಡುತ್ತಿರುವ ಅವರ ಆ ದಿನದ ಚಿತ್ರ ಉಳಿದಿದೆ. ಎತ್ತರದ ಕಡೆಗೆ ಎಂಬರ್ಥದ ಮಾತನ್ನು ಅವರೇ ಅದರ ಮೇಲೆ ಬರೆದರು. ಅದೇ ಅವರ ಕೊನೆಯ ಏರಿಕೆಯಾಯಿತು.

ತಿಂಗಳ ಕೊನೆಗೆ ಅವರಿಗೆ ಜ್ವರ, ತಲೆನೋವು, ಬೆನ್ನುನೋವು ಕಾಣಿಸಿಕೊಂಡಿತು. ಅದೇ ದಿನಗಳಲ್ಲಿ ಮನೆಯಲ್ಲಿ ಅಜ್ಜಿ ಮರಣಶಯ್ಯೆಯಲ್ಲಿದ್ದುದರಿಂದ ಯುವಕನ ನೋವನ್ನು ಯಾರೂ ಗಮನಿಸಲಿಲ್ಲ. ಅವರೂ ಹೇಳಿಕೊಳ್ಳಲಿಲ್ಲ. ಅದು ಪೋಲಿಯೊ. ರೋಗಿಗಳ ಭೇಟಿಯ ವೇಳೆ ತಗುಲಿರಬೇಕೆಂದು ನಂಬಲಾಗಿದೆ. ವೈದ್ಯರು ಅದನ್ನು ಗುರುತಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಜುಲೈ 3 ಶುಕ್ರವಾರ, ಅವರು ಬಡವರ ಭೇಟಿಗೆ ಹೋಗುವ ದಿನ. ಲಕ್ವ ಹೊಡೆದ ಕೈಯಿಂದಲೇ ಒಂದು ಚೀಟಿ ಬರೆದು, ಒಬ್ಬ ಬಡ ರೋಗಿಗೆ ಚುಚ್ಚುಮದ್ದು ಮುಟ್ಟಿಸುವಂತೆಯೂ ಇನ್ನೊಬ್ಬರು ಅಡವಿಟ್ಟಿದ್ದ ವಸ್ತುವಿನ ರಸೀದಿ ನವೀಕರಿಸುವಂತೆಯೂ ಗೆಳೆಯನಿಗೆ ತಿಳಿಸಿದರು. ಮರುದಿನ ಸಂಜೆ, ಜುಲೈ 4ರಂದು, ಅವರು ಪ್ರಭುವಿನಲ್ಲಿ ಲೀನರಾದರು. ವಯಸ್ಸು ಇಪ್ಪತ್ತನಾಲ್ಕು.

ಅಂತ್ಯಕ್ರಿಯೆಗೆ ನಗರದ ಗಣ್ಯರು ಬರಬಹುದೆಂದು ಮನೆಯವರು ಎಣಿಸಿದ್ದರು. ಆದರೆ ಬೀದಿ ತುಂಬಾ ನೆರೆದದ್ದು ಬಡಜನ. ತಂದೆ ತಾಯಿಗೆ ತಮ್ಮ ಮಗ ಯಾರೆಂದು ತಿಳಿದದ್ದು ಅಂದೇ. ಅವನು ಯಾವ ಮನೆಯವನೆಂದು ಬಡವರಿಗೆ ಗೊತ್ತಾದದ್ದೂ ಅಂದೇ. ಸ್ವತಃ ಬೆಟ್ಟಗಳ ಪ್ರೇಮಿಯಾಗಿದ್ದ ಪೋಪ್ 2ನೇ ಜಾನ್ ಪಾಲ್ 1990ರ ಮೇ 20ರಂದು ಅವರನ್ನು ಧನ್ಯರೆಂದು ಘೋಷಿಸಿ, ಅಷ್ಟಭಾಗ್ಯಗಳನ್ನು ಬದುಕಿ ತೋರಿಸಿದವರೆಂದು ಕೊಂಡಾಡಿದರು. ಅವರ ಪಾರ್ಥಿವ ಶರೀರ ಈಗ ಟ್ಯೂರಿನ್ ಪ್ರಧಾನಾಲಯದಲ್ಲಿದೆ. ಹಬ್ಬ ಜುಲೈ 4.

ಈ ಸಂತರ ಜೀವನದಿಂದ ನಾವು ಕಲಿಯಬೇಕಾದದ್ದು ಏನು? ಅವರು ಮೋಜನ್ನೂ ಸೇವೆಯನ್ನೂ ಎರಡು ಬೇರೆ ಪೆಟ್ಟಿಗೆಗಳಲ್ಲಿ ಇಡಲಿಲ್ಲ. ಬೆಟ್ಟ ಕಲಿಸಿದ ತಾಳ್ಮೆ, ಗೆಳೆತನ, ಮುಂಜಾನೆ ಏಳುವ ಶಿಸ್ತು ಎಲ್ಲವೂ ಬಡವರ ಮನೆಯ ಮೆಟ್ಟಿಲಲ್ಲಿ ಉಪಯೋಗಕ್ಕೆ ಬಂದವು. ಮಾತಂಗ ಬೆಟ್ಟದಿಂದ ಇಳಿದ ಮೇಲೆ ನಮ್ಮ ಪ್ರವಾಸದ ಬಸ್ಸು ಎಲ್ಲಿಗೆ ಹೋಗುತ್ತದೆ? ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳು, ಕೆಂಪು ಧೂಳು ಕೂತ ಮನೆಗಳು ಕಾಣುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿದಾಗ ಅಕ್ರಮ ನಿಂತಿತು, ಜತೆಗೆ ಸಾವಿರಾರು ಕೂಲಿಕಾರರ ಒಲೆಯೂ ಆರಿತು. ಕಂಪ್ಲಿಯ ಭತ್ತ, ಕಬ್ಬಿನ ಗದ್ದೆಗಳಲ್ಲೂ ದಿನಗೂಲಿಯವರಿದ್ದಾರೆ. ಅವರೆಲ್ಲರೂ ಕಿಟಕಿಯಾಚೆ ಸರಿದು ಹೋಗುವ ದೃಶ್ಯವಷ್ಟೇ ಆಗಬಾರದು.

ಮುಂದಿನ ಪ್ರವಾಸಕ್ಕೆ ಹೊರಡುವ ಯುವ ಸಂಘಟನೆಗಳು ಬಳ್ಳಾರಿ ಧರ್ಮಪ್ರಾಂತ್ಯದ ಅಲ್ಲಿನ ಗುರುಗಳನ್ನು ಮೊದಲೇ ಸಂಪರ್ಕಿಸಿ, ಬೆಳಗ್ಗೆ ಬಲಿಪೂಜೆಯಲ್ಲಿ ಪಾಲ್ಗೊಂಡು, ಅರ್ಧ ದಿನವನ್ನಾದರೂ ಅಲ್ಲಿನ ಕಾರ್ಮಿಕ ಕುಟುಂಬಗಳ ಭೇಟಿಗೆ ಮೀಸಲಿಡಲಿ. ಊರಿಗೆ ಮರಳಿದ ಮೇಲೆ ತಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ಯುವಜನರು ಎಷ್ಟು ಮಂದಿ ಇದ್ದಾರೆಂದು ಕೇಳಿ ನೋಡಲಿ. ಸಂತ ಪಿಯೆರ್ ಜಾರ್ಜಿಯೊ ನಮ್ಮ ಯುವಜನರಿಗಾಗಿ ಪ್ರಾರ್ಥಿಸಲಿ.