ಹೆಸರಿಟ್ಟವರೇ ಸುಟ್ಟ ಸಿಗಾರ್

ಡೇವಿಡಾಫ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ‘ಕೂಲ್ ವಾಟರ್’ ಸೆಂಟು. ಆದರೆ ಆ ಹೆಸರಿನ ಮನುಷ್ಯ ಸೆಂಟಿನವರಲ್ಲ, ಸಿಗಾರ್ ಅಂಗಡಿಯವರು. (ಸೇದೋದು ಆರೋಗ್ಯಕ್ಕೆ ಹಾನಿಕರ, ಕಥೆ ಓದೋಕೆ ಅಡ್ಡಿಯಿಲ್ಲ!)

ಜಿನೋ ಡೇವಿಡಾಫ್ ಹುಟ್ಟಿದ್ದು 1906ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಉಕ್ರೇನಿನಲ್ಲಿ. ಯಹೂದಿ ಕುಟುಂಬ, ತಂದೆ ತಂಬಾಕು ವ್ಯಾಪಾರಿ. 1911ರಲ್ಲಿ ಮನೆಯವರೆಲ್ಲ ಊರು ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಬಂದು, ಅಲ್ಲೊಂದು ಚಿಕ್ಕ ತಂಬಾಕು ಅಂಗಡಿ ಇಟ್ಟರು. ಜಿನೋ ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನಲ್ಲಿ ಕೆಲಸ ಕಲಿಯೋಕೆ ಹಡಗು ಹತ್ತಿದರು. ಅರ್ಜೆಂಟೀನಾ, ಬ್ರೆಜಿಲ್ ಸುತ್ತಿ ಕೊನೆಗೆ ಕ್ಯೂಬಾ ಸೇರಿ, ಸುಮಾರು ಎರಡು ವರ್ಷ ತಂಬಾಕು ತೋಟದಲ್ಲಿ ದುಡಿದರು. ಥಿಯರಿ ಇಲ್ಲ, ಪೂರ್ತಿ ಪ್ರಾಕ್ಟಿಕಲ್!

ವಾಪಸ್ ಬಂದು ಅಂಗಡಿ ನೋಡಿಕೊಂಡರು. ತಂಬಾಕಿನ ಎಲೆ ಒಣಗಿದರೆ ರುಚಿ ಹೋಗುತ್ತೆ, ಒದ್ದೆಯಾದರೆ ಬೂಷ್ಟು ಹಿಡಿಯುತ್ತೆ. ಅದಕ್ಕೇ ನೆಲಮಾಳಿಗೆಯಲ್ಲಿ ಕ್ಯೂಬಾದ ಹಾಗೇ ಶಾಖ, ತೇವ ಇರುವಂತೆ ವ್ಯವಸ್ಥೆ ಮಾಡಿದರು. 1940ರ ದಶಕದಲ್ಲಿ ಫ್ರಾನ್ಸಿನ ಹೆಸರಾಂತ ವೈನ್‌ಗಳ ಹೆಸರಲ್ಲಿ ‘ಶಾಟೋ’ ಸಿಗಾರ್‌ಗಳನ್ನು ತಂದರು. ಹವಾನಾ ಸಿಗಾರ್ ಬೇಕಾದವರು ಜಿನೀವಾದ ಆ ಅಂಗಡಿ ಹುಡುಕಿಕೊಂಡು ಬರತೊಡಗಿದರು.

ಕ್ಯೂಬಾದಲ್ಲಿ ಕ್ರಾಂತಿಯಾಗಿ ಕಾರ್ಖಾನೆಗಳೆಲ್ಲ ಸರ್ಕಾರದ ಪಾಲಾದವು. 1960ರ ದಶಕದ ಕೊನೆಗೆ ಆ ಸರ್ಕಾರಿ ಸಂಸ್ಥೆ ಕ್ಯೂಬಟಬಾಕೊ ಜೊತೆ ಒಪ್ಪಂದವಾಗಿ, ಹವಾನಾದ ಎಲ್ ಲಗೀಟೊ ಕಾರ್ಖಾನೆಯಲ್ಲಿ ‘ಡೇವಿಡಾಫ್’ ಸಿಗಾರ್ ತಯಾರಾಗತೊಡಗಿತು. ಪ್ರಸಿದ್ಧ ಕೋಹಿಬಾ ಹುಟ್ಟಿದ್ದೂ ಅಲ್ಲೇ. 1970ರಲ್ಲಿ ಜಿನೋ ತಮ್ಮ ವ್ಯಾಪಾರವನ್ನು ಬಾಸೆಲ್‌ನ ಓಟಿಂಗರ್ ಕಂಪನಿಗೆ ಮಾರಿದರೂ, ಅದರ ಮುಖವಾಗಿ ಅವರೇ ಉಳಿದರು. ಅಂದ್ರೆ ಎಲೆ ಕ್ಯೂಬಾದ್ದು, ಕಂಪನಿ ಬೇರೆಯವರದು, ಜಿನೋ ಅವರದ್ದು ಅಂತ ಉಳಿದದ್ದು ಹೆಸರು ಮಾತ್ರ.

1980ರ ದಶಕದಲ್ಲಿ ಜಗಳ ಶುರುವಾಯ್ತು. ಗುಣಮಟ್ಟ ಕುಸಿದಿದೆ ಅಂತ ಕಂಪನಿ ದೂರಿತು. ಬ್ರ್ಯಾಂಡಿನ ಹಕ್ಕು ಯಾರದು ಅನ್ನೋ ತಕರಾರೂ ಸೇರಿಕೊಂಡಿತು. 1989ರ ಆಗಸ್ಟ್‌ನಲ್ಲಿ ಜಿನೋ ಒಂದು ಲಕ್ಷಕ್ಕೂ ಹೆಚ್ಚು ಸಿಗಾರ್‌ಗಳನ್ನು ಎಲ್ಲರೆದುರೇ ಸುಡಿಸಿದರು. ಒಂದೊಂದೂ ಕೈಯಲ್ಲಿ ಸುತ್ತಿದ್ದು. ಸುಡಿಸಿದವರು ಒಂದು ಕಾಲಕ್ಕೆ ಅದೇ ಕ್ಯೂಬಾದ ತೋಟದಲ್ಲಿ ಬೆವರು ಸುರಿಸಿದವರು.

ಆಮೇಲೆ ತಯಾರಿಕೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಯಿತು. 1991ರಲ್ಲಿ ಕ್ಯೂಬಾದ ಡೇವಿಡಾಫ್ ಕಥೆ ಮುಗಿಯಿತು. 1994ರ ಜನವರಿಯಲ್ಲಿ, 87ನೇ ವಯಸ್ಸಿನಲ್ಲಿ, ಜಿನೋ ಜಿನೀವಾದಲ್ಲಿ ತೀರಿಕೊಂಡರು.

ಆ ಬೆಂಕಿಯಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು ಅನ್ನಬಹುದು. ಆದರೂ ನಮ್ಮ ಹೆಸರು ಅಚ್ಚಾದ ವಸ್ತು ಚೆನ್ನಾಗಿಲ್ಲ ಅಂತ ನಾವೇ ಒಪ್ಪಿಕೊಳ್ಳೋದು ಸುಲಭ ಅಲ್ಲ. ನಾಳೆ ನಾವು ಸಹಿ ಹಾಕೋ ಡ್ರಾಯಿಂಗ್ ಮೇಲೆ ಸೇತುವೆ ಏಳುತ್ತೆ, ನಾವು ಬರೆದ ಕೋಡ್ ಮೇಲೆ ಆಸ್ಪತ್ರೆಯ ಯಂತ್ರ ಓಡುತ್ತೆ. ಅದು ಸರಿಯಿಲ್ಲ ಅಂತ ಗೊತ್ತಾದ ದಿನ, ನಷ್ಟವಾದರೂ ಬೇಡ ಅನ್ನೋಕೆ ನಮ್ಮಿಂದ ಆಗುತ್ತಾ?