ಪುಟ್ಟ ಮಣಿಕಟ್ಟಿನ ಗಗನಯಾತ್ರಿ: ಕೈಗಡಿಯಾರಕ್ಕೆ ಹೆಸರು ಕೊಟ್ಟ ಸ್ಯಾಂಟೋಸ್ ಡ್ಯುಮಾಂಟ್

ದುಬಾರಿ ಕೈಗಡಿಯಾರಗಳ ಲೋಕದಲ್ಲಿ ಸ್ಯಾಂಟೋಸ್ ಎಂಬ ಹೆಸರು ಬಲ್ಲವರು ಅನೇಕರು. ಚೌಕಾಕಾರದ ಮುಖ, ಅಂಚಿನಲ್ಲಿ ಎದ್ದು ಕಾಣುವ ಪುಟ್ಟ ತಿರುಪುಗಳು, ಬಿಳಿ ಡಯಲ್ ಮೇಲೆ ರೋಮನ್ ಅಂಕಿಗಳು. ಸಣಕಲು ಕೈಯವರಿಗೂ ಒಪ್ಪುವ ಐಷಾರಾಮಿ ಗಡಿಯಾರ ಯಾವುದೆಂಬ ಚರ್ಚೆ ಬಂದಾಗಲೆಲ್ಲ ಈ ಗಡಿಯಾರದ ಪ್ರಸ್ತಾಪ ಬಂದೇ ಬರುತ್ತದೆ. ಅದು ಸಹಜವೂ ಹೌದು. ಏಕೆಂದರೆ ಅದನ್ನು ಮೊದಲಿಗೆ ರೂಪಿಸಿದ್ದೇ ಒಬ್ಬ ಪುಟ್ಟ ದೇಹದ ಮನುಷ್ಯನ ಕೈಗೆ. ಆತನ ಹೆಸರು ಆಲ್ಬರ್ಟೊ ಸ್ಯಾಂಟೋಸ್ ಡ್ಯುಮಾಂಟ್. ಗಡಿಯಾರವನ್ನು ಬಲ್ಲ ಬಹುತೇಕರಿಗೆ ಆತನ ಬದುಕಿನ ಏರಿಳಿತಗಳ ಪರಿಚಯವಿಲ್ಲ.

ಕಾಫಿ ತೋಟದ ಹುಡುಗ

ಡ್ಯುಮಾಂಟ್ ಜನಿಸಿದ್ದು 1873ರ ಜುಲೈ 20ರಂದು, ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಕಬಂಗು ಎಂಬಲ್ಲಿ. ತಂದೆ ಹೆನ್ರಿಕ್ ಡ್ಯುಮಾಂಟ್ ಫ್ರೆಂಚ್ ಮೂಲದ ಎಂಜಿನಿಯರ್. ಮುಂದೆ ಅವರು ಸಾವೊ ಪಾಲೊ ಪ್ರಾಂತ್ಯದ ರಿಬೆರಾವ್ ಪ್ರೆಟೊ ಬಳಿ ವಿಶಾಲವಾದ ಕಾಫಿ ತೋಟ ಮಾಡಿ ದೇಶದ ಅತಿ ಸಿರಿವಂತ ಬೆಳೆಗಾರರ ಸಾಲಿಗೆ ಸೇರಿದರು. ಕಾಫಿ ಹಣ್ಣನ್ನು ಸಾಗಿಸಲು ತೋಟದೊಳಗೇ ರೈಲು ಹಳಿಗಳಿದ್ದವು. ಬಾಲಕ ಡ್ಯುಮಾಂಟ್ ಹನ್ನೆರಡರ ಹರೆಯದಲ್ಲೇ ಉಗಿಬಂಡಿ ಓಡಿಸುವುದನ್ನು ಕಲಿತ. ಕಾಫಿ ಸಂಸ್ಕರಿಸುವ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ಆತನ ಆಟ. ಬಿಡುವಿನಲ್ಲಿ ಜೂಲ್ಸ್ ವೆರ್ನ್‌ನ ಸಾಹಸ ಕಾದಂಬರಿಗಳ ಓದು.

ಕುದುರೆಯಿಂದ ಬಿದ್ದ ತಂದೆ ಪಾರ್ಶ್ವವಾಯುವಿಗೆ ತುತ್ತಾದಾಗ ತೋಟ ಮಾರಾಟವಾಯಿತು. ಚಿಕಿತ್ಸೆಗೆಂದು ಕುಟುಂಬ 1891ರಲ್ಲಿ ಯುರೋಪಿಗೆ ತೆರಳಿತು. ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಪೆಟ್ರೋಲ್ ಎಂಜಿನ್ನುಗಳನ್ನು ಕಂಡ ತರುಣನ ಮನಸ್ಸು ಅಲ್ಲಿಯೇ ನೆಟ್ಟಿತು. 1892ರಲ್ಲಿ ತಂದೆ ತೀರಿಕೊಂಡರು. ಅದಕ್ಕೂ ಮುನ್ನವೇ ಅವರು ಮಗನಿಗೆ ಆಸ್ತಿಯ ಪಾಲು ಕೊಟ್ಟು, ಪ್ಯಾರಿಸ್ಸಿಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಯಂತ್ರವಿಜ್ಞಾನ ಕಲಿಯುವಂತೆ ಸೂಚಿಸಿದ್ದರು. ದುಡಿದು ಉಣ್ಣಬೇಕಾದ ಅಗತ್ಯ ಆತನಿಗೆ ಜೀವಮಾನದಲ್ಲಿ ಎಂದೂ ಬರಲಿಲ್ಲ. ಆದರೆ ಆ ಸಿರಿಯನ್ನು ಆತ ಸುರಿದದ್ದು ಆಕಾಶಕ್ಕೆ.

ಕೊರತೆಯೇ ಅನುಕೂಲವಾದಾಗ

ಡ್ಯುಮಾಂಟ್ ಐದೂವರೆ ಅಡಿಗೂ ಕಡಿಮೆ ಎತ್ತರದ, ಸುಮಾರು 50 ಕಿಲೋ ತೂಕದ ಮನುಷ್ಯ. ಪ್ಯಾರಿಸ್ಸಿನ ಪತ್ರಿಕೆಗಳು ಆತನನ್ನು ಪುಟ್ಟ ಸ್ಯಾಂಟೋಸ್ ಎಂದೇ ಕರೆದವು. ತನ್ನ ಗಾತ್ರದ ಬಗ್ಗೆ ಆತನಿಗೆ ಸದಾ ಎಚ್ಚರವಿತ್ತು. ಎತ್ತರದ ಕಾಲರ್, ಉದ್ದುದ್ದ ಗೆರೆಗಳ ಸೂಟು, ಎತ್ತರಿಸಿದ ಹಿಮ್ಮಡಿಯ ಬೂಟು, ಅಂಚು ಬಾಗಿದ ಪನಾಮ ಟೊಪ್ಪಿ ಆತನ ಗುರುತುಗಳಾದವು. ಪ್ಯಾರಿಸ್ಸಿನ ಯುವಕರು ಆ ವೇಷವನ್ನು ಅನುಕರಿಸತೊಡಗಿದರು.

ಆದರೆ ನೆಲದ ಮೇಲೆ ಕೊರತೆ ಎನಿಸಿದ್ದು ಗಾಳಿಯಲ್ಲಿ ಅನುಕೂಲವಾಯಿತು. 1898ರಲ್ಲಿ ಮೊದಲ ಬಾರಿ ಬಲೂನು ಏರಿದ ಡ್ಯುಮಾಂಟ್, ಅದೇ ವರ್ಷ ಬ್ರೆಜಿಲ್ ಎಂಬ ಹೆಸರಿನ ತನ್ನದೇ ಬಲೂನು ಮಾಡಿಸಿದ. ಜಪಾನಿನ ತೆಳು ರೇಷ್ಮೆಯಿಂದ ಮಾಡಿದ ಅದರ ಗಾತ್ರ ಕೇವಲ 113 ಘನ ಮೀಟರ್. ಇಷ್ಟು ಚಿಕ್ಕ ಬಲೂನು ಮನುಷ್ಯನನ್ನು ಹೊರಲಾರದೆಂದು ಅನುಭವಿ ತಯಾರಕರೇ ಶಂಕಿಸಿದ್ದರು. ಅದು ಹಾರಿತು. ತೂಕ ಕಡಿಮೆ ಮಾಡುವುದೇ ಹಾರಾಟದ ಗುಟ್ಟೆಂಬ ನಂಬಿಕೆ ಆತನಲ್ಲಿ ಬೇರೂರಿತು.

ಬಲೂನು ಗಾಳಿ ಒಯ್ದತ್ತ ಹೋಗುತ್ತದೆ. ಅದನ್ನು ಬೇಕಾದತ್ತ ತಿರುಗಿಸಬೇಕೆಂಬುದು ಡ್ಯುಮಾಂಟ್‌ನ ಹಂಬಲ. 1898ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಎಂಜಿನ್ ಅಳವಡಿಸಿದ ಮೊದಲ ವಾಯುನೌಕೆಯನ್ನು ಆತ ಹಾರಿಸಿದ. ಜಲಜನಕ ತುಂಬಿದ ಚೀಲದ ಕೆಳಗೆ ಕಿಡಿಯುಗುಳುವ ಎಂಜಿನ್ ಕಟ್ಟುವುದು ಸಾವಿಗೆ ಆಹ್ವಾನವೆಂದು ಹಿತೈಷಿಗಳು ಎಚ್ಚರಿಸಿದರೂ ಆತ ಕಿವಿಗೊಡಲಿಲ್ಲ.

ಐಫೆಲ್ ಗೋಪುರದ ಸುತ್ತ

ತೈಲೋದ್ಯಮಿ ಹೆನ್ರಿ ಡಾಯ್ಚ್ ಡಿ ಲಾ ಮ್ಯೂರ್ಥ್ ಒಂದು ಲಕ್ಷ ಫ್ರಾಂಕ್ ಬಹುಮಾನ ಘೋಷಿಸಿದ್ದರು. ಸೇಂಟ್ ಕ್ಲೂದಿಂದ ಹೊರಟು ಐಫೆಲ್ ಗೋಪುರವನ್ನು ಸುತ್ತಿ, ಸುಮಾರು 11 ಕಿಲೋಮೀಟರ್ ದೂರವನ್ನು ಅರ್ಧ ಗಂಟೆಯೊಳಗೆ ಕ್ರಮಿಸಿ ಮರಳಬೇಕೆಂಬುದು ಷರತ್ತು. 1901ರ ಆಗಸ್ಟ್ 8ರಂದು ಡ್ಯುಮಾಂಟ್‌ನ ಐದನೆಯ ವಾಯುನೌಕೆ ಅನಿಲ ಸೋರಿ ಟ್ರೊಕಾಡೆರೊ ಬಳಿಯ ಹೋಟೆಲೊಂದರ ಛಾವಣಿಗೆ ಅಪ್ಪಳಿಸಿತು. ಗೋಡೆಗೆ ಅಂಟಿ ನೇತಾಡುತ್ತಿದ್ದ ಆತನನ್ನು ಅಗ್ನಿಶಾಮಕ ಸಿಬ್ಬಂದಿ ಹಗ್ಗ ಬಿಟ್ಟು ಮೇಲೆತ್ತಿದರು. ಆತ ಎದೆಗುಂದದೆ ಆರನೆಯ ನೌಕೆಯ ನಿರ್ಮಾಣಕ್ಕೆ ತೊಡಗಿದ.

1901ರ ಅಕ್ಟೋಬರ್ 19ರಂದು ಆ ನೌಕೆ ಗೋಪುರವನ್ನು ಸುತ್ತಿ, ಅರ್ಧ ಗಂಟೆ ತುಂಬಲು ಕೆಲವೇ ಕ್ಷಣಗಳಿರುವಾಗ ಗುರಿಯ ಗೆರೆ ದಾಟಿತು. ಆದರೆ ನೆಲದಲ್ಲಿದ್ದವರು ಹಗ್ಗ ಹಿಡಿದು ನಿಲ್ಲಿಸುವಷ್ಟರಲ್ಲಿ ಗಡುವು ಮೀರಿ ಮುಕ್ಕಾಲು ನಿಮಿಷದಷ್ಟು ಹೆಚ್ಚಾಗಿತ್ತು. ತೀರ್ಪುಗಾರರು ಹಿಂಜರಿದರು. ಪ್ಯಾರಿಸ್ಸಿನ ಜನ ರೊಚ್ಚಿಗೆದ್ದರು. ಕೊನೆಗೆ ನವೆಂಬರ್ 4ರಂದು ಬಹುಮಾನ ಆತನಿಗೇ ಸಂದಿತು. ಆ ಹಣದಲ್ಲಿ ಒಂದು ಭಾಗವನ್ನು ತನ್ನ ಸಹಾಯಕರಿಗೂ ಉಳಿದದ್ದನ್ನು ಪ್ಯಾರಿಸ್ಸಿನ ಬಡವರಿಗೂ ಹಂಚಿದ ಡ್ಯುಮಾಂಟ್, ತನಗೆಂದು ಏನನ್ನೂ ಉಳಿಸಿಕೊಳ್ಳಲಿಲ್ಲ.

ನಂತರದ ಎರಡು ವರ್ಷ ಆತ ಪ್ಯಾರಿಸ್ಸಿನ ಕಣ್ಮಣಿ. 1903ರಲ್ಲಿ ಒಂಬತ್ತನೆಯ ಪುಟ್ಟ ನೌಕೆಯನ್ನು ಷಾಂಜೆಲಿಜೆ ಬೀದಿಯಲ್ಲಿನ ತನ್ನ ಮನೆಯ ಮುಂದೆಯೇ ಇಳಿಸಿ, ಒಳಗೆ ಹೋಗಿ ಕಾಫಿ ಕುಡಿದು ಮತ್ತೆ ಹಾರಿ ಹೋದ. ಅದೇ ವರ್ಷದ ಜೂನ್‌ನಲ್ಲಿ ಐಡಾ ಡಿ ಅಕೋಸ್ಟಾ ಎಂಬ ತರುಣಿ ಆ ನೌಕೆಯನ್ನು ಒಬ್ಬಳೇ ನಡೆಸಿದಳು. ಎಂಜಿನ್ ಚಾಲಿತ ವಾಯುನೌಕೆ ಹಾರಿಸಿದ ಮೊದಲ ಮಹಿಳೆ ಎಂಬ ಕೀರ್ತಿ ಆಕೆಯದಾಯಿತು.

ಗೆಳೆಯ ಕೊಟ್ಟ ಗಡಿಯಾರ

ಹಾರಾಟದಲ್ಲಿ ಡ್ಯುಮಾಂಟ್‌ನ ಎರಡೂ ಕೈಗಳಿಗೆ ಬಿಡುವಿರುತ್ತಿರಲಿಲ್ಲ. ಚುಕ್ಕಾಣಿ, ಎಂಜಿನ್, ಸಮತೋಲನದ ಹಗ್ಗಗಳು ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳಬೇಕು. ಅಂದಿನ ಗಂಡಸರು ಬಳಸುತ್ತಿದ್ದುದು ಸರಪಳಿಯ ಕಿಸೆಗಡಿಯಾರ. ಅದನ್ನು ಹೊರತೆಗೆದು ಮುಚ್ಚಳ ತೆರೆದು ನೋಡಲು ಒಂದು ಕೈಯನ್ನಾದರೂ ಬಿಡಬೇಕಿತ್ತು. ಇಂಧನ ಎಷ್ಟು ಹೊತ್ತು ಉಳಿದೀತು, ಗಡುವಿನೊಳಗೆ ಮರಳಲಾದೀತೇ ಎಂಬುದು ನಿಮಿಷಗಳ ಲೆಕ್ಕದ ಮೇಲೆ ನಿಂತಿದ್ದಾಗ ಇದು ಸಣ್ಣ ತೊಡಕಲ್ಲ.

ಈ ಕಷ್ಟವನ್ನು ಆತ ಗೆಳೆಯ ಲೂಯಿ ಕಾರ್ಟಿಯೆ ಬಳಿ ತೋಡಿಕೊಂಡನೆಂದೂ, 1904ರಲ್ಲಿ ಕಾರ್ಟಿಯೆ ಆತನಿಗಾಗಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಗಡಿಯಾರ ಮಾಡಿಕೊಟ್ಟನೆಂದೂ ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ಕೈಗೆ ಕಟ್ಟುವ ಗಡಿಯಾರ ಅದಕ್ಕೂ ಮೊದಲೇ ಇತ್ತು. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾಗಾಗಿ ಬ್ರೆಗೆ ಸಂಸ್ಥೆ 1810ರಲ್ಲೇ ಅಂಥದೊಂದನ್ನು ಕೈಗೆತ್ತಿಕೊಂಡಿತ್ತು. ಆದರೆ ಅವು ಬಹುಮಟ್ಟಿಗೆ ಹೆಂಗಸರ ಆಭರಣಗಳು. ಗಂಡಸೊಬ್ಬ ಅದನ್ನು ಕಟ್ಟಿಕೊಂಡು ಊರೆಲ್ಲ ತಿರುಗುವುದು ಅಂದಿನ ರೂಢಿಗೆ ಹೊರತಾಗಿತ್ತು. ಆಕಾಶವನ್ನೇ ಗೆದ್ದವನ ಕೈಯಲ್ಲಿ ಅದನ್ನು ಕಂಡ ಮೇಲೆ ನಗುವವರು ಕಡಿಮೆಯಾದರು. 1911ರಲ್ಲಿ ಸ್ಯಾಂಟೋಸ್ ಗಡಿಯಾರ ಮಾರಾಟಕ್ಕೆ ಬಂತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರೂ ಕೈಗಡಿಯಾರ ಕಟ್ಟತೊಡಗಿದ ಮೇಲೆ ಕಿಸೆಗಡಿಯಾರ ಹಿಂದೆ ಸರಿಯಿತು.

ಅಳತೆಯ ಪಾಠ

ಡ್ಯುಮಾಂಟ್‌ನ ಗಡಿಯಾರ ತೆಳುವಾಗಿತ್ತು, ಚರ್ಮದ ಪಟ್ಟಿಯಲ್ಲಿ ಮಣಿಕಟ್ಟಿಗೆ ಅಪ್ಪಿ ಕೂರುತ್ತಿತ್ತು, ಒಂದೇ ನೋಟಕ್ಕೆ ಸಮಯ ತಿಳಿಸುತ್ತಿತ್ತು. ಸಣ್ಣ ಕೈಯವರು ದುಬಾರಿ ಗಡಿಯಾರ ಆರಿಸುವಾಗ ಇಂದಿಗೂ ನೋಡಬೇಕಾದ ಅಂಶಗಳು ಇವೇ. 2000ದ ದಶಕದಲ್ಲಿ 42, 44 ಮಿಲಿಮೀಟರ್ ಅಗಲದ ಭಾರೀ ಗಡಿಯಾರಗಳು ಗಂಡಸ್ತನದ ಗುರುತಾದಾಗ ಈ ಪಾಠ ಮರೆಯಾಗಿತ್ತು.

ಗಡಿಯಾರದ ಅಗಲವೊಂದನ್ನೇ ನೋಡುವುದು ಸಾಲದು. ಪಟ್ಟಿ ಹಿಡಿಯುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ ಮುಖ್ಯ. ಆ ಉದ್ದ ಮಣಿಕಟ್ಟಿನ ಮೇಲ್ಭಾಗದ ಚಪ್ಪಟೆ ಅಗಲವನ್ನು ಮೀರಿದರೆ ಗಡಿಯಾರ ಎರಡೂ ಬದಿ ಚಾಚಿಕೊಂಡು ಎರವಲು ತಂದಂತೆ ಕಾಣುತ್ತದೆ. ಚೌಕ ಮುಖದ ಗಡಿಯಾರ ಅಷ್ಟೇ ಅಗಲದ ದುಂಡು ಗಡಿಯಾರಕ್ಕಿಂತ ದೊಡ್ಡದಾಗಿ ಕಾಣುವುದಕ್ಕೂ ಕಾರಣವಿದೆ. 35 ಮಿಲಿಮೀಟರಿನ ಚೌಕದ ವಿಸ್ತೀರ್ಣ ಅದೇ ವ್ಯಾಸದ ವೃತ್ತಕ್ಕಿಂತ ಕಾಲು ಭಾಗಕ್ಕೂ ಹೆಚ್ಚು. ಆದ್ದರಿಂದ ಚೌಕ ಗಡಿಯಾರ ಕೊಳ್ಳುವವರು ಒಂದು ಅಳತೆ ಕೆಳಗಿನದನ್ನು ಕಟ್ಟಿ ನೋಡುವುದು ಒಳಿತು. ಕಾರ್ಟಿಯೆ 2019ರಲ್ಲಿ ತಂದ ಸ್ಯಾಂಟೋಸ್ ಡ್ಯುಮಾಂಟ್ ಸರಣಿಯ ಸಣ್ಣ ಗಡಿಯಾರ 27.5 ಮಿಲಿಮೀಟರ್ ಅಗಲ, 38 ಮಿಲಿಮೀಟರ್ ಉದ್ದವಿದ್ದರೆ, 2018ರ ಸ್ಯಾಂಟೋಸ್ ಸರಣಿಯ ದೊಡ್ಡದು 39.8 ಮಿಲಿಮೀಟರ್ ಅಗಲ, 47.5 ಮಿಲಿಮೀಟರ್ ಉದ್ದವಿದೆ. ಹೆಸರು ಒಂದೇ ಆದರೂ ಕೈಯ ಮೇಲೆ ಅವು ಬೇರೆಯೇ ಗಡಿಯಾರಗಳು.

ಗಾತ್ರಕ್ಕೆ ತಕ್ಕಂತೆ ವಸ್ತುವನ್ನು ರೂಪಿಸುವ ಈ ತತ್ವವನ್ನು ಡ್ಯುಮಾಂಟ್ ವಿಮಾನಕ್ಕೂ ಅನ್ವಯಿಸಿದ.

ಹಂಚಿದ ವಿಮಾನ

1906ರ ನವೆಂಬರ್ 12ರಂದು ಪ್ಯಾರಿಸ್ಸಿನ ಬಗಟೆಲ್ ಮೈದಾನದಲ್ಲಿ ಆತನ 14-ಬಿಸ್ ಎಂಬ ವಿಮಾನ 220 ಮೀಟರ್ ದೂರವನ್ನು 21.5 ಸೆಕೆಂಡುಗಳಲ್ಲಿ ಕ್ರಮಿಸಿತು. ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ ದಾಖಲಿಸಿದ ಮೊದಲ ವಿಮಾನ ದಾಖಲೆ ಅದು. ಅಮೆರಿಕದ ರೈಟ್ ಸಹೋದರರು 1903ರ ಡಿಸೆಂಬರಿನಲ್ಲೇ ಹಾರಿದ್ದರಾದರೂ 1908ರಲ್ಲಿ ಫ್ರಾನ್ಸಿಗೆ ಬಂದು ತೋರಿಸುವವರೆಗೆ ಯುರೋಪ್ ಅದನ್ನು ಪೂರ್ಣವಾಗಿ ನಂಬಿರಲಿಲ್ಲ. ಬ್ರೆಜಿಲ್ ಜನರ ಪಾಲಿಗೆ ಇಂದಿಗೂ ವಿಮಾನದ ಪಿತಾಮಹ ಡ್ಯುಮಾಂಟನೇ.

ನಂತರ ಬಂದದ್ದು ಡೆಮೊಸೆಲ್ ಎಂಬ ಪುಟಾಣಿ ವಿಮಾನ. ಬಿದಿರು ಮತ್ತು ರೇಷ್ಮೆಯ ಆ ವಿಮಾನದ ತೂಕ ಚಾಲಕನಿಲ್ಲದೆ 120 ಕಿಲೋ ಸಹ ಇರಲಿಲ್ಲ. ಅದು ಆತನ ಹಗುರ ದೇಹಕ್ಕೆಂದೇ ಅಳೆದು ಮಾಡಿದ್ದು. ದಪ್ಪನೆಯ ಚಾಲಕರಿಗೆ ಅದು ಸುಲಭವಾಗಿ ಒಗ್ಗಲಿಲ್ಲ. ಡ್ಯುಮಾಂಟ್ ಅದಕ್ಕೆ ಹಕ್ಕುಸ್ವಾಮ್ಯ ಪಡೆಯಲಿಲ್ಲ. ನಕ್ಷೆಗಳನ್ನು ಬೇಕಾದವರಿಗೆ ಬಿಟ್ಟುಕೊಟ್ಟ. ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ 1910ರಲ್ಲಿ ಅವುಗಳನ್ನು ಪ್ರಕಟಿಸಿತು. ಮುಂದೆ ಹೆಸರು ಮಾಡಿದ ರೋಲಾಂ ಗ್ಯಾರೋ ಹಾರಾಟ ಕಲಿತದ್ದು ಇದೇ ಪುಟಾಣಿಯಲ್ಲಿ. ವಿಮಾನವು ದೇಶದೇಶಗಳನ್ನು ಹತ್ತಿರ ತರುವುದೆಂದೂ, ಎಲ್ಲರಿಗೂ ಸೇರಬೇಕೆಂದೂ ಆತ ನಂಬಿದ್ದ.

ಕೊರಗಿನ ವರ್ಷಗಳು

1910ರ ಆರಂಭದಲ್ಲಿ ಅಪಘಾತವೊಂದರ ನಂತರ ಆತ ಹಾರಾಟ ನಿಲ್ಲಿಸಿದ. ನರಗಳನ್ನು ಕಾಡುವ ಕಾಯಿಲೆ ದೇಹವನ್ನು ಹಿಡಿಯಿತು. 1914ರಲ್ಲಿ ಯುದ್ಧ ಆರಂಭವಾದಾಗ, ಸಮುದ್ರ ತೀರದ ಮನೆಯಲ್ಲಿ ದೂರದರ್ಶಕ ಇಟ್ಟುಕೊಂಡು ನಕ್ಷತ್ರ ನೋಡುತ್ತಿದ್ದ ಆತನನ್ನು ಜರ್ಮನ್ ಗೂಢಚಾರನೆಂದು ನೆರೆಹೊರೆಯವರು ಶಂಕಿಸಿದರು. ಪೊಲೀಸರು ಮನೆ ಶೋಧಿಸಿದರು. ತಪ್ಪು ಅರಿವಾಗಿ ಕ್ಷಮೆ ಕೇಳಿದರೂ ಗಾಯ ಮಾಯಲಿಲ್ಲ. ನೊಂದ ಡ್ಯುಮಾಂಟ್ ತನ್ನ ಕಾಗದಪತ್ರಗಳನ್ನು ಸುಟ್ಟುಹಾಕಿದ.

ಸ್ವದೇಶಕ್ಕೆ ಮರಳಿ 1918ರಲ್ಲಿ ಪೆಟ್ರೊಪೊಲಿಸ್ ಬೆಟ್ಟದ ಮೇಲೆ ಪುಟ್ಟ ಮನೆ ಕಟ್ಟಿಸಿದ. ಅಡುಗೆಮನೆಯೇ ಇಲ್ಲದ ಆ ಮನೆಯ ಕಡಿದಾದ ಮೆಟ್ಟಿಲುಗಳನ್ನು ಬಲಗಾಲಿಟ್ಟೇ ಏರಬೇಕಾಗುವಂತೆ ಕತ್ತರಿಸಲಾಗಿತ್ತು. ಅದು ಈಗ ವಸ್ತುಸಂಗ್ರಹಾಲಯ.

ಯುದ್ಧದಲ್ಲಿ ವಿಮಾನಗಳು ಊರುಗಳ ಮೇಲೆ ಬಾಂಬು ಸುರಿಸಿದ್ದು ಆತನನ್ನು ಬಿಡದೆ ಕಾಡಿತು. 1926ರಲ್ಲಿ ವಿಮಾನವನ್ನು ಆಯುಧವಾಗಿ ಬಳಸುವುದನ್ನು ನಿಷೇಧಿಸುವಂತೆ ರಾಷ್ಟ್ರಗಳ ಒಕ್ಕೂಟಕ್ಕೆ ಮನವಿ ಮಾಡಿದ. ಫಲ ದೊರೆಯಲಿಲ್ಲ. 1928ರ ಡಿಸೆಂಬರ್ 3ರಂದು ಹಡಗಿನಲ್ಲಿ ರಿಯೋ ಡಿ ಜನೈರೊಗೆ ಬರುತ್ತಿದ್ದ ಆತನನ್ನು ಸ್ವಾಗತಿಸಲು ಹೊರಟ, ಆತನದೇ ಹೆಸರಿನ ಕಡಲವಿಮಾನ ಕಣ್ಣೆದುರೇ ಪತನಗೊಂಡಿತು. ಅದರಲ್ಲಿದ್ದವರೆಲ್ಲ ಮಡಿದರು. ಸಂಭ್ರಮಗಳನ್ನು ಕೈಬಿಟ್ಟ ಡ್ಯುಮಾಂಟ್ ಮೃತರ ಅಂತ್ಯಸಂಸ್ಕಾರಗಳಿಗೆ ಹೋದ.

1932ರ ಜುಲೈನಲ್ಲಿ ಸಾವೊ ಪಾಲೊ ಪ್ರಾಂತ್ಯ ಕೇಂದ್ರ ಸರ್ಕಾರದ ವಿರುದ್ಧ ದಂಗೆ ಎದ್ದಿತು. ಈ ಅಂತರ್ಯುದ್ಧದಲ್ಲಿ ಬ್ರೆಜಿಲಿಗರು ಬ್ರೆಜಿಲಿಗರ ಮೇಲೆಯೇ ವಿಮಾನಗಳನ್ನು ಬಳಸಿದರು. ಆಗ ಗುವರುಜಾ ಎಂಬ ಕಡಲತೀರದ ಊರಿನಲ್ಲಿದ್ದ ಡ್ಯುಮಾಂಟ್ ಜುಲೈ 23ರಂದು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಐವತ್ತೊಂಬತ್ತು ತುಂಬಿ ಮೂರು ದಿನವಾಗಿತ್ತಷ್ಟೆ. ಸಾವಿನ ನಿಜ ಕಾರಣವನ್ನು ದೀರ್ಘಕಾಲ ಸಾರ್ವಜನಿಕರಿಂದ ಮರೆಮಾಚಲಾಯಿತು.

ಉಳಿದ ಹೆಸರು

ಆತ ಹುಟ್ಟಿದ ಪ್ರದೇಶದ ಪಟ್ಟಣಕ್ಕೆ 1932ರಲ್ಲೇ ಆತನ ಹೆಸರಿಡಲಾಯಿತು. ರಿಯೋ ನಗರದ ವಿಮಾನ ನಿಲ್ದಾಣಕ್ಕೂ ಚಂದ್ರನ ಮೇಲಿನ ಕುಳಿಯೊಂದಕ್ಕೂ ಅದೇ ಹೆಸರು. ಮೃತದೇಹ ಸಂರಕ್ಷಿಸಿದ ವೈದ್ಯರು ತೆಗೆದಿರಿಸಿದ್ದ ಆತನ ಹೃದಯವನ್ನು ರಿಯೋದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ಇವೆಲ್ಲಕ್ಕಿಂತ ಹೆಚ್ಚು ಜನರ ಬಾಯಲ್ಲಿ ಆತನ ಹೆಸರನ್ನು ಉಳಿಸಿರುವುದು ಗಡಿಯಾರವೇ. ಇಂದು ಅದು ಲಕ್ಷಗಟ್ಟಲೆ ಬೆಲೆಯ, ಅಂತಸ್ತಿನ ವಸ್ತು. ಆದರೆ ಹುಟ್ಟಿದ ಹೊತ್ತಿನಲ್ಲಿ ಅದು ಎರಡೂ ಕೈಗೆ ಕೆಲಸವಿದ್ದ ಮನುಷ್ಯನೊಬ್ಬನಿಗೆ ಗೆಳೆಯ ಒದಗಿಸಿದ ಅನುಕೂಲ. ದೊಡ್ಡದು, ಹೊಳೆಯುವುದು, ಹೆಚ್ಚು ಬೆಲೆಯದು ಎಂಬ ಆಸೆಗಿಂತ ತನ್ನ ಕೈಗೆ ಒಪ್ಪುವುದು ಯಾವುದು, ತನ್ನ ಕೆಲಸಕ್ಕೆ ಒದಗುವುದು ಯಾವುದು ಎಂದು ನೋಡಿ ಆರಿಸುವವರು ಡ್ಯುಮಾಂಟ್‌ನ ದಾರಿಯಲ್ಲೇ ನಡೆದಂತೆ.